ಚರಗ ಹೊತ್ತ ಗಾಡಿ

ತಾಮ್ರದ ತಂತಿಯ ಮೇಲಿನ ವಾರ್ನಿಶ್ ಸುಟ್ಟಾಗ ಒಂದು ವಾಸನೆ ಏಳುತ್ತದೆ. ಮೊದಲು ಸ್ವಲ್ಪ ಸಿಹಿ, ಬೆಲ್ಲದ ಪಾಕ ತಳ ಹಿಡಿದ ಹಾಗೆ. ಆಮೇಲೆ ಮೂಗಿನೊಳಗೆ ಅಂಟಿಕೊಂಡು ಎರಡು ದಿನ ಬಿಟ್ಟುಹೋಗದ ಕಹಿ. ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವುದು ನನ್ನ ಕಸುಬು. ಸಿಂದಗಿಯ ನನ್ನ ಅಂಗಡಿಗೆ ಇಂಡಿಯಿಂದ, ದೇವರ ಹಿಪ್ಪರಗಿಯಿಂದ, ಅತ್ತ ಬಸವನ ಬಾಗೇವಾಡಿಯಿಂದಲೂ ಮೋಟರುಗಳು ಬರುತ್ತವೆ. ಹಾಗಾಗಿ ಆ ವಾಸನೆ ನನಗೆ ರೊಟ್ಟಿಯ ವಾಸನೆಯಷ್ಟೇ ರೂಢಿ. ಆದರೆ ಹೋದ ವರ್ಷ ದೀಪಾವಳಿ ಮುಗಿದ ವಾರ, ಅಂಗಡಿಯ ಮುಂದಿನ ಬಯಲಿನಲ್ಲಿ, ಅದೇ ವಾಸನೆ ಮೊಳದುದ್ದದ ಒಂದು ರಿಮೋಟ್ ಗಾಡಿಯಿಂದ ಎದ್ದಿತು. ಎರಡು ತಿಂಗಳು ನಾನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿದ ಗಾಡಿ. ಅದರ ಹೊಸ ಮೋಟರು, ಮುಂಬೈಯಿಂದ ಪಾರ್ಸೆಲ್‌ನಲ್ಲಿ ತರಿಸಿದ್ದು, ನನ್ನ ಕಣ್ಣೆದುರಿಗೇ ಹೊಗೆಯಾಯಿತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಶಿವಕಾಕಾ ಮೂಗು ಅರಳಿಸಿ, "ಹೋತು," ಅಂದ. ಅಷ್ಟೇ. ನನಗೆ ಆ ಗಾಡಿಯನ್ನು ಎತ್ತಿ ರಸ್ತೆಗೆ ಒಗೆಯಬೇಕೆನ್ನುವಷ್ಟು ಸಿಟ್ಟು ಬಂತು. ಒಗೆಯಲಿಲ್ಲ. ಯಾಕೆಂದರೆ ಆ ವಾಸನೆಯ ಹಿಂದೆಯೇ, ಕರೆಯದೆ, ಒಂದು ಇಡೀ ಮನೆ ಎದ್ದು ಬಂದು ನನ್ನ ಮುಂದೆ ನಿಂತಿತ್ತು.

ಆ ಮನೆ ಈಗಿಲ್ಲ. ಸಿಂದಗಿಯ ಹಳೆಯ ಓಣಿಯಲ್ಲಿದ್ದ ಮಣ್ಣಿನ ಮಾಳಿಗೆಯ ಮನೆ. ಎರಡು ಮೊಳ ದಪ್ಪದ ಗೋಡೆ, ಹನ್ನೊಂದು ಮಂದಿ, ಒಂದೇ ಒಲೆ. ಪಡಸಾಲೆಯ ನಡುಮಧ್ಯೆ ಮಾಳಿಗೆಗೆ ಒಂದು ಬೆಳಕಿಂಡಿ ಇತ್ತು. ಅದರಿಂದ ಬೀಳುವ ಬಿಸಿಲಿನ ತುಂಡು ಬೆಳಿಗ್ಗೆ ಪಡುವಣ ಗೋಡೆಯಿಂದ ಹೊರಟು ಸಂಜೆಯ ಹೊತ್ತಿಗೆ ಜೋಳದ ಚೀಲಗಳನ್ನು ಹತ್ತುತ್ತಿತ್ತು. ನನ್ನ ಅಪ್ಪನ ತಮ್ಮ ಶಿವಕಾಕಾ ಆ ಬಿಸಿಲಿನ ಹಿಂದೆ ಹಿಂದೆ ತನ್ನ ಚಾಪೆ ಎಳೆದುಕೊಂಡು ಸಾಗುತ್ತಿದ್ದ, ಕೈಯಲ್ಲಿ ತಿರುಗಿಸುವ ಸುತ್ತುಯಂತ್ರ ತೊಡೆಯ ಮೇಲೆ, ಬಾಯಲ್ಲಿ ಎಣಿಕೆ. ಅವನು ಎಣಿಸುವಾಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಎಣಿಕೆ ತಪ್ಪಿದರೆ ಸುತ್ತಿದ್ದೆಲ್ಲ ಬಿಚ್ಚಬೇಕು. ವಾರ್ನಿಶ್ ಹಚ್ಚಿದ ತಂತಿಯ ಸುರುಳಿಗಳು ಉಳ್ಳಾಗಡ್ಡಿಯ ಗೊಂಚಲುಗಳ ಪಕ್ಕದಲ್ಲಿಯೇ ತೊಲೆಗೆ ಜೋತುಬಿದ್ದು ಒಣಗುತ್ತಿದ್ದವು. ಹಿಂಡಿಪಲ್ಯೆಗೂ ಅದೇ ವಾಸನೆ, ಹಾಸಿಗೆಗೂ ಅದೇ. ನನ್ನ ಅಜ್ಜಿ, ನಾವೆಲ್ಲ ಆಯಿ ಅನ್ನುತ್ತಿದ್ದವಳು, ದಿನಕ್ಕೆ ಹತ್ತು ಸಲ, "ಇದೇನ್ ಮನಿಯೋ, ಮೋಟರಿನ ಹೊಟ್ಟಿಯೋ?" ಎಂದು ಬೈಯುತ್ತಿದ್ದಳು. ಬೈದು, ಕಾಕಾನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಒಮ್ಮೆ ತಾಮ್ರದ ತಂತಿ ತರಲು ಸೊಲ್ಲಾಪುರಕ್ಕೆ ಹೋದ ಕಾಕಾ, ಅಲ್ಲಿಯ ಹಳೆ ಸಾಮಾನಿನ ಬಜಾರಿನಿಂದ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ಗಂಟು ತಂದ. ಬಿಚ್ಚಿದರೆ ಕೆಂಪು ಬಣ್ಣದ, ಮೇಲುಹೊದಿಕೆ ಸೀಳಿದ, ಗಾಲಿಗಳಿಗೆ ಮುಳ್ಳುಮುಳ್ಳು ರಬ್ಬರಿನ ಒಂದು ಪರದೇಶದ ಗಾಡಿ. ಒಳಗೆ ಶಿರಸ್ತ್ರಾಣ ಹಾಕಿದ ಪ್ಲಾಸ್ಟಿಕ್ ಡ್ರೈವರನ ರುಂಡ ಮಾತ್ರ ಇತ್ತು. ಜೊತೆಗೆ ಎರಡು ಕಡ್ಡಿಗಳ ರಿಮೋಟು; ಎಡಗಡ್ಡಿಗೆ ಓಟ, ಬಲಗಡ್ಡಿಗೆ ತಿರುವು. "ಬಗ್ಗಿ ಅಂತಾರ ಇದಕ್ಕ. ಉಸುಕು, ಕಲ್ಲು, ಎಲ್ಲಾ ಕಡಿ ಓಡತೈತಿ," ಅಂದ. ಅದು ಎಲ್ಲೂ ಓಡುತ್ತಿರಲಿಲ್ಲ. ಬ್ಯಾಟರಿ ಸತ್ತಿತ್ತು, ಮೋಟರು ಸುಟ್ಟಿತ್ತು, ಹಿಂದಿನ ಸ್ಪ್ರಿಂಗು ಕಳೆದಿತ್ತು. ಕಾಕಾ ಮೋಟರ್‌ಸೈಕಲ್ಲಿನ ಬ್ಯಾಟರಿ ಹಾಕಿದ. ಅದರ ಭಾರಕ್ಕೆ ಗಾಡಿ ಅಂಡು ಕುಸಿದು ಕೂತಿತು. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯೊಳಗಿನ ಸ್ಪ್ರಿಂಗು ತೆಗೆದು ಹಿಂದಕ್ಕೆ ಕೂಡಿಸಿದ, ಎದ್ದು ನಿಂತಿತು. ಮೋಟರನ್ನು ಬಿಚ್ಚಿ, ಕಿರುಬೆರಳಿನಷ್ಟು ದಪ್ಪದ ಅದರ ಒಡಲಿಗೆ ಕೂದಲಿನಂಥ ತಂತಿ ಸುತ್ತಿದ. ಮೊದಲಿದ್ದುದಕ್ಕಿಂತ ಹೆಚ್ಚು ಸುತ್ತು. ಸುತ್ತು ಹೆಚ್ಚಾದರೆ ಓಟ ಕಡಿಮೆ, ಎಳೆತ ಹೆಚ್ಚು. ನನಗೆ ಆಗ ಹನ್ನೆರಡು ವರ್ಷ. ಓಡುವ ಗಾಡಿಯನ್ನು ಯಾಕೆ ಕತ್ತೆಯ ನಡಿಗೆಗೆ ಇಳಿಸಿದ ಎಂದು ನನಗೆ ಅಳುವೇ ಬಂದಿತ್ತು. ಕೇಳಿದರೆ, "ನಿಂಗ ತಿಳಿಯಾಂಗಿಲ್ಲ, ಆಕಡೆ ಸರಿ, ಬೆಳಕಿಗಿ ಅಡ್ಡ ನಿಂತಿ," ಅಂದ.

ಕಾರಣ ಎಳ್ಳ ಅಮಾವಾಸ್ಯೆಯ ದಿನ ತಿಳಿಯಿತು. ಆ ದಿನ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ ಮಾಡಿ, ಸಜ್ಜಿಕಡುಬು, ಪುಂಡಿಪಲ್ಯೆ, ಭರ್ತ, ಮೊಸರನ್ನ ಎಲ್ಲ ಕಲಸಿ ಹೊಲದ ನಾಲ್ಕೂ ಮೂಲೆಗೆ ಚೆಲ್ಲುತ್ತೇವೆ. ಅದೇ ಚರಗ. ನಮ್ಮ ಮನೆಯಲ್ಲಿ ಚರಗ ಚೆಲ್ಲುವುದು ಆಯಿಯ ಹಕ್ಕು, ಬೇರೆಯವರು ಮುಟ್ಟುವಂತಿರಲಿಲ್ಲ. ಆ ವರ್ಷ ಅವಳ ಮೊಣಕಾಲು ಕೈಕೊಟ್ಟಿದ್ದವು. ಕನ್ನೊಳ್ಳಿಯ ನಮ್ಮ ಹೊಲದ ತನಕ ಚಕ್ಕಡಿಯಲ್ಲಿ ಬಂದಳು. ಆದರೆ ಬಿರುಕು ಬಿಟ್ಟ ಎರೆಹೊಲದಲ್ಲಿ ನಾಲ್ಕು ಮೂಲೆ ಸುತ್ತುವುದು ಆಗುತ್ತಿರಲಿಲ್ಲ. ಬನ್ನಿಯ ಬುಡದಲ್ಲಿ ಮುಖ ಗಂಟಿಕ್ಕಿ ಕೂತುಬಿಟ್ಟಳು. ಆಗ ಕಾಕಾ ಚೀಲದಿಂದ ಗಾಡಿ ತೆಗೆದ. ಅದರ ಬೆನ್ನಿಗೆ ಡಾಲ್ಡಾ ಡಬ್ಬಿಯ ಮುಚ್ಚಳವನ್ನು ತಟ್ಟೆಯಂತೆ ಕೂಡಿಸಿದ್ದ. ತಿರುವಿನ ಕಡ್ಡಿಯನ್ನು ಎಡಕ್ಕೂ ಬಲಕ್ಕೂ ಜಗ್ಗಿದರೆ ಗಾಡಿ ಕುಲುಕಿ ತಟ್ಟೆಯೊಳಗಿನದು ಚೆಲ್ಲುತ್ತಿತ್ತು. ಆಯಿ ಉರಿದೆದ್ದಳು. "ಭೂತಾಯಿ ಉಡಿ ತುಂಬೂದು ಹುಡುಗಾಟಕಿ ಅಂತ ತಿಳದಿ? ಆಟಿಗಿ ಸಾಮಾನ ತಂದು ನನ್ನ ಮುಂದ ಇಡ್ತಿ?" ಕಾಕಾ ತಣ್ಣಗೆ, "ಕೈ ನಿಂದ ಐತಲ್ಲಬೇ. ನೀ ತುಂಬು. ಅದು ಬರೇ ಹೊತ್ತಕೊಂಡ ಹೋಗತೈತಿ," ಅಂದ. ಆಯಿ ಬಹಳ ಹೊತ್ತು ಗಾಡಿಯೊಳಗಿನ ಪ್ಲಾಸ್ಟಿಕ್ ರುಂಡವನ್ನು ನೋಡಿದಳು. "ಇಂವಗ ಮೊದಲ ಒಂದ ತುತ್ತ ಇಡ್ರಿ, ಹಸದಂಗ ಕಾಣ್ತಾನ," ಅಂದಳು. ಆಮೇಲೆ ತಟ್ಟೆ ತುಂಬಿದಳು.

ಗಾಡಿ ಜೋಳದ ಸಾಲಿನೊಳಗೆ ಹೊಕ್ಕಿತು. ಎದೆಮಟ್ಟದ ಜೋಳ, ಗಾಡಿ ಕಾಣಲಿಲ್ಲ. ಆದರೆ ಕಾಕಾ ಅದರ ಏರಿಯಲ್ ತಂತಿಯನ್ನು ಉದ್ದ ಮಾಡಿ ತುದಿಗೆ ಆಯಿಯ ಹಳೆಯ ಕುಪ್ಪಸದ ಕೆಂಪು ಚಿಂದಿ ಕಟ್ಟಿದ್ದ. ಹಸಿರಿನ ಮೇಲೆ ಆ ಚಿಂದಿ ಒಂದೇ ಅಲುಗಾಡುತ್ತಾ, ತಡೆಯುತ್ತಾ, ಮತ್ತೆ ಹೊರಡುತ್ತಾ ಮೂಲೆಯ ಕಡೆಗೆ ನಡೆಯಿತು, ಯಾರೋ ಪುಟ್ಟ ಮನುಷ್ಯ ರುಮಾಲು ಸುತ್ತಿಕೊಂಡು ಬೆಳೆ ನೋಡಲು ಹೊರಟ ಹಾಗೆ. ಬಿರುಕಿಗೆ ಗಾಲಿ ಬಿದ್ದಾಗಲೆಲ್ಲ ಸಣ್ಣಗೆ ಗುರ್ರೆಂದು ಎಳೆದುಕೊಂಡು ಮೇಲೆ ಬರುತ್ತಿತ್ತು. ಓಡುವ ಮೋಟರಾಗಿದ್ದರೆ ಮೊದಲ ಬಿರುಕಿನಲ್ಲೇ ಮಗುಚುತ್ತಿತ್ತು. ಚಿಂದಿ ಮೂಲೆ ಮುಟ್ಟಿ ಎಡಬಲ ಕುಣಿದಾಗ ಆಯಿ ಕೂತಲ್ಲಿಂದಲೇ ಚರಗದ ಕೂಗು ಹಾಕಿದಳು: "ಹುಲ್ಲುಲ್ಲಿಗೋ!" ಹೊಲದ ತುಂಬ ಚದುರಿದ್ದ ಅಪ್ಪ, ಅವ್ವ, ಚಿಗವ್ವ, ಅತ್ತೆಯರು, ಹುಡುಗರು, ಎಲ್ಲರೂ ಒಂದೇ ಉಸಿರಿಗೆ ಉತ್ತರ ಕೊಟ್ಟೆವು: "ಸಲಾಂಬ್ರಿಗೋ!" ನಾಲ್ಕು ಮೂಲೆ, ನಾಲ್ಕು ಕೂಗು. ಪಕ್ಕದ ಹೊಲದವರು ಊಟ ಬಿಟ್ಟು ಒಡ್ಡಿನ ಮೇಲೆ ಬಂದು ನಿಂತಿದ್ದರು. ಅವತ್ತು ಕಾಕಾನ ಮುಖದಲ್ಲಿದ್ದ ಗರ್ವವನ್ನು ನಾನು ಆಮೇಲೆ ಯಾವ ಮನುಷ್ಯನ ಮುಖದಲ್ಲೂ ಕಂಡಿಲ್ಲ, ಕನ್ನಡಿಯಲ್ಲಿ ಬಿಟ್ಟರೆ.

ಆ ಗಾಡಿಯನ್ನು ಹಾಳು ಮಾಡಿದವನು ನಾನೇ. ಮುಂದಿನ ಬೇಸಿಗೆಯಲ್ಲಿ ಕಾಕಾ ಮುದ್ದೇಬಿಹಾಳಕ್ಕೆ ಕೆಲಸಕ್ಕೆ ಹೋದಾಗ, ಮೋಟರು ಬಿಚ್ಚಿ ತಂತಿಯ ಸುತ್ತು ಕಡಿಮೆ ಮಾಡಿದೆ, ಓಡಲಿ ಅಂತ. ಓಡಿತು. ಓಣಿಯ ತುದಿಯ ತನಕ ಗುಂಡಿನ ಹಾಗೆ ಓಡಿತು, ತುದಿಯಲ್ಲಿ ಹೊಗೆಯಾಯಿತು, ರಿಮೋಟಿನ ಮಾತು ಕೇಳುವ ಒಳಗಿನ ಡಬ್ಬಿಯೂ ಕರಗಿತು. ಕಾಕಾ ಬಂದು ಮೂಸಿ ನೋಡಿದ. ಹೊಡೆಯಲಿಲ್ಲ. ಸುಟ್ಟ ಮೋಟರನ್ನು ನನ್ನ ಅಂಗೈಯಲ್ಲಿಟ್ಟು, "ಬಿಚ್ಚು. ಎಷ್ಟ ಸುತ್ತ ಇದ್ದೂ ಎಣಸು," ಅಂದ. ಎಣಿಸಿದೆ. ಮರುದಿನವೂ ಎಣಿಸಿದೆ. ಏಳನೆಯ ತರಗತಿಗೆ ಸಾಲೆ ಬಿಟ್ಟು ಅವನ ಚಾಪೆಯ ಪಕ್ಕ ಕೂತವನು ಇವತ್ತಿನ ತನಕ ಎಣಿಸುತ್ತಲೇ ಇದ್ದೇನೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಕಾಲೇಜು ಕಲಿತವರು ಪುಸ್ತಕ ತೆರೆದು ಹುಡುಕುವ ಲೆಕ್ಕ ನನ್ನ ಬೆರಳಿನ ತುದಿಯಲ್ಲಿದೆ. ನಾನು ಸುತ್ತಿದ ಮೋಟರು ವಾಪಸು ಬಂದರೆ ನನಗೆ ಅವತ್ತು ಊಟ ಸೇರುವುದಿಲ್ಲ.

ಆಯಿ ಹೋದಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಹೋದರು, ಕೆಲವರು ಮಣ್ಣಿಗೆ, ಕೆಲವರು ಬೇರೆ ಬೇರೆ ಊರಿಗೆ. ರಸ್ತೆ ಅಗಲ ಮಾಡುವಾಗ ಮಾಳಿಗೆ ಮನೆಯನ್ನು ಕೆಡವಿದರು. ಬೆಳಕಿಂಡಿ ಇದ್ದ ಜಾಗದ ಮೇಲೆ ಈಗ ಬಸ್ಸು ಹಾಯುತ್ತವೆ. ಕಾಕಾ ನನ್ನ ಮನೆಗೆ ಬಂದ. ಅಂಗಡಿಯ ಬಾಗಿಲಲ್ಲಿ ಕೂತು ನನ್ನ ಕೈಕೆಳಗಿನವರಿಗೂ ನನಗೂ ಒಂದೇ ದರದಲ್ಲಿ ಬೈಯುತ್ತಿದ್ದ. ಆಯಿಯ ನಂತರ ಚರಗ ಚೆಲ್ಲುವುದು ಅವನ ಪಾಲಿಗೆ ಬಂದಿತ್ತು, ಒಂದು ವರ್ಷವೂ ತಪ್ಪಿಸಿರಲಿಲ್ಲ. ಹೋದ ವರ್ಷ ಮಳೆಗಾಲದ ಮೊದಲಿಗೆ ಅವನಿಗೆ ಲಕ್ವಾ ಹೊಡೆಯಿತು. ಮಾತು ಸ್ವಲ್ಪ ತೊದಲಿತು, ಬಲಗಾಲು ಎಳೆಯುವಂತಾಯಿತು, ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತು. ಒಂದು ಮಧ್ಯಾಹ್ನ ಊಟದ ಮುಂದೆ ಹೇಳಿದ: "ಬಸೂ, ಈ ಸಲ ಅಮಾಸಿಗಿ ನಾ ಹೊಲಕ್ಕ ಬರಾಂಗಿಲ್ಲ. ಬನ್ನಿ ಬುಡಕ ಆರನೇ ಕಲ್ಲ ಆಗಿ ಕುಂದ್ರೂದಕ್ಕ ನನಗ ಮನಸ ಇಲ್ಲ."

ಅವತ್ತೇ ನಾನು ಮೊಬೈಲಿನಲ್ಲಿ ಹುಡುಕಿದೆ. ನಮ್ಮ ಹಳೆಯ ಗಾಡಿಯ ನಮೂನೆಯದೇ, ಹೊಸದಾಗಿ ಮಾಡಿ ಮಾರುತ್ತಾರೆ. ಅದೇ ಕೆಂಪು, ಅದೇ ಮುಳ್ಳು ಗಾಲಿ, ಅದೇ ಪ್ಲಾಸ್ಟಿಕ್ ರುಂಡ. ಬಿಡಿಬಿಡಿ ಬಂತು, ಜೋಡಿಸಿದೆ. ಪಿಸ್ತೂಲಿನಂಥ ರಿಮೋಟು, ಒಂದು ಕೈಯಲ್ಲಿ ಹಿಡಿದು ಬೆರಳಿನಿಂದ ಓಟ ಒತ್ತಬೇಕು, ಇನ್ನೊಂದು ಕೈಯಿಂದ ಬದಿಯ ಪುಟ್ಟ ಚಕ್ರ ತಿರುಗಿಸಬೇಕು. ಕಾಕಾನ ಮುಂದೆ ಹಿಡಿದೆ. ಮುಟ್ಟಲಿಲ್ಲ. "ನೀನ ಓಡಸು, ನೋಡೂನು," ಅಂದ. ಓಡಿಸಿದೆ. "ಸಪ್ಪಗ ಐತಿ," ಅಂದ. ಸರಿ, ಗಾಡಿ ಅವನಿಗೆ ಹಿಡಿಸಿಲ್ಲ ಎಂದುಕೊಂಡೆ. ಅಲ್ಲಿಂದ ನನ್ನ ಹುಚ್ಚು ಶುರುವಾಯಿತು. ಜೋರು ಮೋಟರು ತರಿಸಿದೆ; ಅದರ ಹೊಡೆತಕ್ಕೆ ಪ್ಲಾಸ್ಟಿಕ್ ಹಲ್ಲುಚಕ್ರ ಉದುರಿದವು. ಉಕ್ಕಿನ ಹಲ್ಲುಚಕ್ರ ತರಿಸಿದೆ. ಗಾಲಿಯ ಕಡ್ಡಿ ಮುರಿಯಿತು. ಕಡ್ಡಿ ಬದಲಿಸಿದೆ, ಗಾಡಿ ಮುಂಗಾಲೆತ್ತಿ ಮಗುಚತೊಡಗಿತು. ಕುಲುಕು ತಡೆಯುವ, ಎಣ್ಣೆ ತುಂಬಿದ ಶಾಕ್‌ಗಳನ್ನು ಹಾಕಿದೆ. ಎರೆಮಣ್ಣಿನ ಧೂಳಿಗೆ ಅವು ಸೋರಿದವು. ಒಂದನ್ನು ಗಟ್ಟಿ ಮಾಡಿದರೆ ಅದರ ಪಕ್ಕದ್ದು ನೆಗೆದುಬೀಳುವುದು. ರೈತರ ಮೋಟರು ಸಾಲಾಗಿ ಕಾಯುತ್ತಿದ್ದವು. ಹೆಂಡತಿ ಶಾಂತಾ ಒಂದು ದಿನ ಚಹಾ ತಂದು ಕುಕ್ಕಿ, "ಅಗರಖೇಡದವರು ನಾಲ್ಕ ಸಲ ಬಂದ ಹೋದ್ರು. ಅವ್ರ ಬೆಳಿಗಿ ಈ ಗಾಡಿ ನೀರ ಹಾಯಸತೈತೇನ್ರಿ?" ಅಂದಳು. ಪ್ರತಿ ಸಲವೂ ರಿಮೋಟನ್ನು ಕಾಕಾನ ಮುಂದೆ ಹಿಡಿದೆ, ಪ್ರತಿ ಸಲವೂ ಅವನು ಮುಖ ತಿರುವಿದ. "ಇನ್ನೂ ಬರೋಬರಿ ಆಗಿಲ್ಲ." ಏನು ಬರೋಬರಿ ಆಗಿಲ್ಲ, ಅದನ್ನು ಹೇಳುತ್ತಿರಲಿಲ್ಲ. ಕೊನೆಗೆ ದೀಪಾವಳಿಯ ವಾರ ಆ ಹೊಗೆ. ಆ "ಹೋತು."

ಸಿಟ್ಟಿನಲ್ಲಿ ರಿಮೋಟನ್ನು ಅವನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಒಗೆದು, ಅಗರಖೇಡದವರ ಮೋಟರು ಬಿಚ್ಚಲು ಒಳಗೆ ಹೋದೆ. ಅರ್ಧ ಗಂಟೆ ಕಳೆದು ನಟ್ಟು ಬಿಚ್ಚುವ ಪಾನಾ ಮರೆತೆನೆಂದು ತಿರುಗಿ ಬಂದರೆ, ಕಾಕಾ ರಸ್ತೆಯ ಕಡೆಗೆ ಓರೆಯಾಗಿ ತಿರುಗಿ ಕೂತಿದ್ದ, ನಾನು ಬಂದದ್ದು ಅವನಿಗೆ ಕಾಣಲಿಲ್ಲ. ರಿಮೋಟನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡಿದ್ದ. ಎಡಗೈಯಿಂದ ಬದಿಯ ಚಕ್ರ ತಿರುಗಿಸಲು ನೋಡುತ್ತಿದ್ದ. ಅದನ್ನು ಹಿಡಿದರೆ ಓಟ ಒತ್ತಲು ಬೆರಳಿಲ್ಲ. ಓಟ ಒತ್ತಿದರೆ ರಿಮೋಟು ಜಾರುತ್ತಿತ್ತು. ಗದ್ದದಿಂದ ಒತ್ತಿ ಹಿಡಿದು ನೋಡಿದ. ಸುಟ್ಟು ಸತ್ತ ಗಾಡಿಯ ರಿಮೋಟಿನೊಂದಿಗೆ, ಯಾರೂ ನೋಡುತ್ತಿಲ್ಲವೆಂದು, ಆ ಮನುಷ್ಯ ಹೆಣಗುತ್ತಿದ್ದ. ರಿಮೋಟು ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲಾಗದೆ ಅದನ್ನೇ ನೋಡುತ್ತ ಕೂತ. ನಾನು ಸದ್ದು ಮಾಡದೆ ಹಿಂದಕ್ಕೆ ಸರಿದೆ. ಎರಡು ತಿಂಗಳು! ಮೋಟರು, ಹಲ್ಲುಚಕ್ರ, ಶಾಕು. ಗಾಡಿಯ ಮೈಯಲ್ಲಿ ನಾನು ಬದಲಿಸದ ಒಂದು ಸ್ಕ್ರೂ ಉಳಿದಿರಲಿಲ್ಲ. ಬದಲಿಸಬೇಕಾದ ಒಂದೇ ಒಂದು ಸಾಮಾನನ್ನು ಮಾತ್ರ ಬೆಪ್ಪನ ಹಾಗೆ ದಿನಾ ಅವನ ಮುಖಕ್ಕೆ ಹಿಡಿಯುತ್ತಿದ್ದೆ. ಅವನಾದರೂ ಬಾಯಿಬಿಟ್ಟು ಹೇಳಬಾರದಿತ್ತೇ? ಹೇಳುವ ಜಾತಿ ಅಲ್ಲ ಅದು. ನಾನೂ ಕೇಳುವ ಜಾತಿ ಅಲ್ಲ. ಆಯಿ ಮೊಣಕಾಲು ನೋವೆಂದು ಬಾಯಿಬಿಟ್ಟು ಹೇಳಿರಲಿಲ್ಲ, ಅವಳು ಮೆಟ್ಟಿಲು ಇಳಿಯುವುದನ್ನು ನೋಡಿಯೇ ಕಾಕಾ ಮೋಟರಿಗೆ ಸುತ್ತು ಹೆಚ್ಚಿಸಿದ್ದ.

ಮರುದಿನ ರಿಮೋಟನ್ನು ಸೀಳಿದೆ. ಓಟದ ತಿರುಗಣೆ, ತಿರುವಿನ ತಿರುಗಣೆ, ಎರಡನ್ನೂ ಹೊರತೆಗೆದು ಒಂದೇ ಕಡ್ಡಿಯ ಬುಡಕ್ಕೆ ಅಡ್ಡಡ್ಡ ಕೂಡಿಸಿದೆ. ಮುಂದಕ್ಕೆ ನೂಕಿದರೆ ಓಟ, ಪಕ್ಕಕ್ಕೆ ವಾಲಿಸಿದರೆ ತಿರುವು. ಕಡ್ಡಿಯ ತಲೆಗೆ ಹಳೆಯ ಸ್ಟಾರ್ಟರಿನ ಕರಿಗುಂಡು. ಎಲ್ಲವನ್ನೂ ಸಾಗವಾನಿ ತುಂಡಿನ ಪುಟ್ಟ ಪೆಟ್ಟಿಗೆಯಲ್ಲಿ ಕೂಡಿಸಿ, ತೊಡೆಗೆ ಕಟ್ಟಿಕೊಳ್ಳಲು ಸೈಕಲ್ ಟ್ಯೂಬಿನ ಪಟ್ಟಿ ಹಾಕಿದೆ. ಹೇಳಲು ಸುಲಭ, ಮೂರು ಸಲ ತಪ್ಪಿತು, ಎಡಕ್ಕೆ ವಾಲಿಸಿದರೆ ಬಲಕ್ಕೆ ಹೋಗುತ್ತಿತ್ತು. ಗಾಡಿಯ ಜೊತೆಯಲ್ಲಿ ಬಂದಿದ್ದ ಬಡಪಾಯಿ ಮೋಟರನ್ನೇ ತೆಗೆದುಕೊಂಡು, ಬಿಚ್ಚಿ, ತಂತಿ ಸುತ್ತಲು ಕೂತೆ. ಕಾಕಾ ಬಾಗಿಲಿನಿಂದಲೇ, "ಎಷ್ಟ ಸುತ್ತ ಹಾಕ್ತಿ?" ಎಂದು ಕೇಳಿದ. ಹೇಳಿದೆ. "ಇನ್ನ ಆರ ಹಾಕು. ಎಳಿಬೇಕು ಅದು. ಓಡೂದ ಯಾಕ, ಎಮ್ಮಿ ಕದ್ದೀ ಏನ?" ಆರು ಹಾಕಿದೆ. ಪೆಟ್ಟಿಗೆಯನ್ನು ಅವನ ಎಡತೊಡೆಗೆ ಕಟ್ಟಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅದನ್ನು ನೋಡಿದ. "ಪಟ್ಟಿ ಬಿಗಿ ಆಗೈತಿ," ಅಂದ. ಎಡಗೈ ಮಾತ್ರ ಆಗಲೇ ಕರಿಗುಂಡಿನ ಮೇಲಿತ್ತು.

ಎಳ್ಳ ಅಮಾವಾಸ್ಯೆಗೆ ಕನ್ನೊಳ್ಳಿಯ ಹೊಲಕ್ಕೆ ಹೋದವರು ನಾವು ಮೂವರೇ. ಕಾಕಾನನ್ನು ಟಂಟಂ ರಿಕ್ಷಾದಿಂದ ಇಳಿಸಿ ಬನ್ನಿಯ ಬುಡದಲ್ಲಿ ಕೂಡಿಸಿದೆ. ಶಾಂತಾ ಕಲಸಿದ ಚರಗವನ್ನು ಅವನು ಎಡಗೈಯಿಂದ, ಗಾಡಿಯ ಬೆನ್ನಿಗೆ ನಾನು ಕೂಡಿಸಿದ್ದ ತಟ್ಟೆಗೆ ತುಂಬಿದ, ಅರ್ಧ ತನ್ನ ಧೋತರದ ಮೇಲೆ ಬಿತ್ತು. ಏರಿಯಲ್ ತಂತಿಗೆ ಶಾಂತಾ ತನ್ನ ಸೀರೆಯ ಅಂಚಿನ ಕೆಂಪು ತುಂಡು ಕಟ್ಟಿದ್ದಳು. "ನೀ ಇಲ್ಲಿ ನಿಂತ ನನ್ನ ಕೈ ನೋಡಬ್ಯಾಡ. ಮೂಲಿಗಿ ಹೋಗು, ಸಿಕ್ಕೊಂಡ್ರ ಎತ್ತು," ಎಂದು ನನ್ನನ್ನು ಅಟ್ಟಿದ. ಜೋಳದ ಸಾಲು ತಪ್ಪಿಸುತ್ತ ದೂರದ ಮೂಲೆಗೆ ಹೋಗಿ ನಿಂತೆ. ತೆನೆ ಆಗಷ್ಟೇ ಹಾಲು ತುಂಬಿತ್ತು. ಬಹಳ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಹಸಿರಿನ ಮೇಲೆ ಕೆಂಪು ಚಿಂದಿ ಎದ್ದಿತು. ಎರಡು ಮಾರು ಬಂತು, ಸಾಲು ತಪ್ಪಿತು, ದಂಟಿಗೆ ಹಾಯ್ದು ನಿಂತಿತು. ಓಡಿ ಹೋಗಬೇಕೆಂದು ಕಾಲು ಎತ್ತಿದೆ. ಅಷ್ಟರಲ್ಲಿ ಅದು ಹಿಂದಕ್ಕೆ ಸರಿದು, ಯೋಚಿಸಿ, ಮತ್ತೆ ಮುಂದೆ ಬಂತು. ಗುರ್ರೆನ್ನುವ ಆ ಸಣ್ಣ ಸದ್ದು ಹತ್ತಿರವಾಯಿತು. ನನ್ನ ಕಾಲ ಬಳಿಗೆ ಬಂದು ಎಡಕ್ಕೂ ಬಲಕ್ಕೂ ಕುಲುಕಿ ಕಡುಬಿನ ತುಣುಕು, ಅನ್ನ, ಭರ್ತ ಎರೆಮಣ್ಣಿನ ಮೇಲೆ ಚೆಲ್ಲಿತು. ಚಿಂದಿಯ ಕುಣಿತ ನಿಂತದ್ದೇ, ಬನ್ನಿಯ ಕಡೆಯಿಂದ ತೊದಲು ಕೂಗು ಬಂತು: "ಹುಲ್ಲುಲ್ಲಿಗೋ!"

ನಾನು ಕಾಯ್ದೆ. ಯಾಕೆ ಕಾಯ್ದೆನೋ ಗೊತ್ತಿಲ್ಲ. ಅಪ್ಪ ಎಲ್ಲಿಂದಲೋ ಶುರು ಮಾಡುತ್ತಾನೆ, ಅವ್ವ, ಚಿಗವ್ವ, ಅತ್ತೆಯರು ಸೇರುತ್ತಾರೆ, ಆಮೇಲೆ ನಾನು ಅಂತ ಹಳೆಯ ರೂಢಿ. ಜೋಳದ ಗರಿಗಳ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ.

"ಯಾಕಲೇ ಬಸ್ಯಾ," ಕಾಕಾ ಸಿಟ್ಟಿನಿಂದ ಒದರಿದ, "ಬಾಯಾಗ ಏನ ಇಟಗೊಂಡ ನಿಂತಿ? ನಾ ಎಷ್ಟ ಸಲ ಒದರಬೇಕು?"

"ಸಲಾಂಬ್ರಿಗೋ!" ಅಂದೆ. ಇಡೀ ಮನೆ ಕೊಡುತ್ತಿದ್ದ ಉತ್ತರ, ಒಂದೇ ಗಂಟಲಿನಿಂದ ಬಂತು. ಬುತ್ತಿ ಬಿಚ್ಚುತ್ತಿದ್ದ ಶಾಂತಾ ತಡವಾಗಿ ಒಂದು ಎಳೆ ಸೇರಿಸಿದಳು. ಕೂಗು ಪಕ್ಕದ ಹೊಲದ ಒಡ್ಡು ದಾಟಿ ಎಲ್ಲಿಯೋ ಇಂಗಿತು. ಕೆಂಪು ಚಿಂದಿ ಅದನ್ನು ಪೂರ್ತಿ ಕೇಳಿಸಿಕೊಂಡ ಹಾಗೆ ಒಂದು ಗಳಿಗೆ ಸುಮ್ಮನೆ ನಿಂತು, ಮೆಲ್ಲಗೆ ತಿರುಗಿ, ಎರಡನೆಯ ಮೂಲೆಯ ಚರಗ ತುಂಬಿಸಿಕೊಳ್ಳಲು ಬನ್ನಿಯ ಕಡೆಗೆ ಹೊರಟಿತು. ಅದರ ಹಿಂದೆ ನಾನೂ ನಡೆದೆ, ಅದರ ನಡಿಗೆಯಲ್ಲಿ.